ಪುಟ್ಟಿ ಕೊಟ್ಟ ಎಂಟು ಅಂಕ

ಅತ್ತೆ,

ಬೇಕರಿಯ ಬೆಳಗಿನ ಪಾಳಿಗೆ ಹೊರಟೆ. ನಿಮಗೆ ಒಳ್ಳೆ ನಿದ್ದೆ, ಎಬ್ಬಿಸಲಿಲ್ಲ. ಪುಟ್ಟಿಗೆ ತಿಂಡಿಯಾದ ಮೇಲೆ ಮಾತ್ರೆ ಕೊಡಿ. ಕಾಲಿನ ಪಟ್ಟಿ ತೀರಾ ಬಿಗಿಯಬೇಡಿ, ನಿನ್ನೆ ಚರ್ಮ ಕೆಂಪಗಾಗಿತ್ತು. ಗಾಲಿಕುರ್ಚಿ ಚಾರ್ಜಿಗೆ ಹಾಕಿದ್ದೇನೆ.

ನಿನ್ನೆ ಆಸ್ಪತ್ರೆಯಲ್ಲಿ ನಡೆದದ್ದನ್ನು ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ವಂಶದಲ್ಲಿ ಬಂದ ಈ ಸ್ನಾಯುಗಳ ಕಾಯಿಲೆ ಇರುವ ಮಕ್ಕಳಿಗೆಲ್ಲ ಡಾಕ್ಟರಮ್ಮ ಒಂದು ಪ್ರಶ್ನೆ ಕೇಳುತ್ತಾರೆ: "ನಿನ್ನ ಜೀವನಕ್ಕೆ ಹತ್ತಕ್ಕೆ ಎಷ್ಟು ಅಂಕ ಕೊಡ್ತೀಯ?" ನಾನು ಮನಸ್ಸಿನಲ್ಲೇ ನಾಲ್ಕು ಅಂದುಕೊಂಡೆ. ಪುಟ್ಟಿ ಠಕ್ಕನೆ ಎಂಟು ಅಂದಳು!

"ಇನ್ನೆರಡು ಯಾಕೆ ಕಮ್ಮಿ?" ಎಂದು ಅವರು ಕೇಳಿದರು.

"ಬೆನ್ನು ನೋಯುತ್ತೆ, ಅದಕ್ಕೊಂದು. ಆಮೇಲೆ, ಅಕ್ಕ ತಪ್ಪು ಮಾಡಿದ್ರೆ ಎಲ್ಲರೂ ಬೈತಾರೆ. ನಾನು ಮಾಡಿದ್ರೆ ಅಜ್ಜಿ, ಅಮ್ಮ ಇಬ್ರೂ 'ಪಾಪ' ಅಂತಾರೆ."

ನನಗೆ ತಲೆ ಎತ್ತಲಾಗಲಿಲ್ಲ ಅತ್ತೆ. ಬೆನ್ನಿಗೆ ಹೊಸ ದಿಂಬು ಬರೆದುಕೊಟ್ಟಿದ್ದಾರೆ, ಸಂಜೆ ತರುತ್ತೇನೆ. ಇನ್ನೊಂದು ಅಂಕ ನಮ್ಮ ಕೈಯಲ್ಲೇ ಇದೆ.

ಗೋಡೆಯ ಮೇಲಿನ ನಿಮ್ಮ ಮದುವೆ ಫೋಟೋ ಕೆಳಗಿಳಿಸಿಕೊಂಡು ಅಕ್ಕ ತಂಗಿ ಇಬ್ಬರೂ ಸೇರಿ ಪೆನ್ನಿನಲ್ಲಿ ಮೀಸೆ ಬರೆದಿದ್ದಾರೆ. ನನಗೆ ನಗು ತಡೆಯಲಾಗಲಿಲ್ಲ, ಬೈಯುವುದು ನಿಮ್ಮ ಪಾಲಿಗೆ ಬಿಟ್ಟಿದ್ದೇನೆ. ದೊಡ್ಡವಳಿಗೆ ಬೈದಷ್ಟೇ ಪುಟ್ಟಿಗೂ ಬೈಯಿರಿ. ಅತ್ತರೂ ಕರಗಬೇಡಿ.

ಮೀಸೆ ಬಂದಿರುವುದು ಮಾವನಿಗಲ್ಲ, ನಿಮಗೆ.