ರಸ್ತೆ ಮೇಲಿನ ಸೊಪ್ಪಿನ ಹೊರೆ

ಮುತ್ತಿನಕೊಪ್ಪ
21 ಸೆಪ್ಟೆಂಬರ್ 2025, ಭಾನುವಾರ

ಪ್ರೀತಿಯ ತಮ್ಮ ಬಸವೇಶನಿಗೆ,

ನಿನ್ನ ಸೊಂಟದ ನೋವು ಹೇಗಿದೆ? ಸಕಲೇಶಪುರದ ಥಂಡಿಗೆ ಅದು ಹೆಚ್ಚಾಗಿರಬಹುದೆಂದು ನನಗೆ ಚಿಂತೆ. ಮಾವನ ಮನೆಯಲ್ಲಿ ಊಟಕ್ಕೆ ಸಂಕೋಚ ಮಾಡಿಕೊಳ್ಳಬೇಡ. ನಿನ್ನ ಫೋನು ಒಂದು ತಿಂಗಳಿಂದ ಸ್ವಿಚ್ ಆಫ್. ಅದಕ್ಕೇ ಈ ಕಾಗದ. ಇದನ್ನು ಓದಿದ ಮೇಲಾದರೂ ಅದಕ್ಕೆ ಚಾರ್ಜು ಹಾಕು.

ಜುಲೈ 17ರ ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ನಿನಗೆ ಆದದ್ದು ಅಪಘಾತ. ಮಾರನೆಯ ದಿನದಿಂದ ಆದದ್ದು ಅನ್ಯಾಯ. ನರಸಿಂಹರಾಜಪುರದ ದಾರಿಯಲ್ಲಿ ನೀರಿನ ಪೈಪಿಗೆಂದು ಅರ್ಧ ರಸ್ತೆ ಅಗೆದು, ಒಂದು ಬೋರ್ಡು, ಒಂದು ಟೇಪು ಕಟ್ಟದೆ ಹೋದವರ ಹೆಸರು ಯಾವ ಕಾಗದದಲ್ಲೂ ಬರಲಿಲ್ಲ. ಆ ಮಳೆಯಲ್ಲಿ ಗುಂಡಿ ತುಂಬಿ ರಸ್ತೆಯ ಮಟ್ಟಕ್ಕೆ ನಿಂತಿತ್ತು, ನಿನ್ನ ಕಾರಿನ ಎಡಗಡೆ ಗಾಲಿ ಅದರೊಳಗೆ ಇಳಿದು ಕಾರು ರಸ್ತೆ ಬದಿಯ ಮಣ್ಣಿನ ಧರೆಗೆ ಬಡಿಯಿತು, ಶೃಂಗೇರಿಗೆಂದು ಹೊರಟು ಹಿಂದೆ ಕೂತಿದ್ದ ಶಿಲ್ಪಶ್ರೀ ಟೀಚರ ಭುಜದ ಮೂಳೆ ಮುರಿಯಿತು. ಕೇಸು ಮಾತ್ರ ನಿನ್ನೊಬ್ಬನ ಮೇಲೆ.

ಈಗ ಸುದ್ದಿ ಕೇಳು. ಕೇಸು ಮುಗಿಯಿತು. ಪೊಲೀಸರು ಬಿ ರಿಪೋರ್ಟ್ ಹಾಕಿದ್ದರು, ಮೊನ್ನೆ ಶುಕ್ರವಾರ ಕೋರ್ಟು ಒಪ್ಪಿಕೊಂಡಿತು. ನಿನ್ನ ಮೇಲೆ ಯಾವ ಆರೋಪವೂ ಉಳಿದಿಲ್ಲ, ಲೈಸೆನ್ಸಿಗೂ ಏನೂ ಆಗುವುದಿಲ್ಲ. ಅವತ್ತು ಸಂಜೆ ನಾನು ಎರಡು ತಿಂಗಳಾದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡೆ.

ಇದು ಹೇಗಾಯಿತು ಎನ್ನುವುದನ್ನು ನೀನು ಬೇರೆಯವರ ಬಾಯಲ್ಲಿ ಕೇಳಬಾರದು. ವಕೀಲರ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಟೈಪ್ ಮಾಡಿದವಳು ನಾನು. ‘ಅತಿವೇಗ ಮತ್ತು ಅಜಾಗರೂಕತೆಯಿಂದ’ ಎಂಬ ಎರಡು ಪದವನ್ನು ಎಷ್ಟು ಸಾವಿರ ಸಲ ಕುಟ್ಟಿದ್ದೇನೋ. ಆಗ ಅದಕ್ಕೆ ಸೆಕ್ಷನ್ 279 ಅನ್ನುತ್ತಿದ್ದರು, ಈಗ 281. ನಂಬರು ಬದಲಾಯಿತು, ಪದ ಬದಲಾಗಲಿಲ್ಲ. 1994ರ ಆಷಾಢದಲ್ಲಿ ಲಾರಿಯೊಂದು ಕೊಪ್ಪದ ಹತ್ತಿರ ಮೋರಿ ಕುಸಿದು ಉರುಳಿದಾಗಲೂ ಅದೇ ಪದ. ಮೋರಿ ಕಟ್ಟಿದವರನ್ನು ಅವತ್ತೂ ಯಾರೂ ಕೇಳಲಿಲ್ಲ. ಮಳೆಯನ್ನು ನೆಪ ಮಾಡಿಕೊಳ್ಳುವ ಡ್ರೈವರುಗಳು ನನಗೆ ಆಗುವುದಿಲ್ಲ, ಅದು ನಿನಗೂ ಗೊತ್ತು. ಮಳೆ ಬಂದರೆ ನಿಧಾನ ಹೋಗಬೇಕು, ಕಾಣದಿದ್ದರೆ ನಿಲ್ಲಿಸಬೇಕು. ನಿನ್ನ ವೈಪರಿನ ರಬ್ಬರು ಸವೆದದ್ದು ನಿನ್ನ ತಪ್ಪು. ಅದನ್ನು ನೀನೇ ಠಾಣೆಯಲ್ಲಿ ಹೇಳಿ ಬಂದೆ ಎಂದು ತಿಳಿದಾಗ ನನಗೆ ಹೆಮ್ಮೆಯಾಯಿತು. ಆದರೆ ‘ತಪ್ಪೊಪ್ಕಂಡು ದಂಡ ಕಟ್ಟಿ ಬಿಡ್ತೀನಿ ಅಕ್ಕ, ನಂಗೆ ಸಾಕಾಯ್ತು’ ಅಂದೆಯಲ್ಲ, ಅದಕ್ಕೆ ಮಾತ್ರ ಸಿಟ್ಟು ಬಂತು. ನಿನ್ನ ಪಾಲಿನದನ್ನು ನೀನು ಹೊರು, ಊರಿನವರದನ್ನೆಲ್ಲ ಹೊರಬೇಡ.

ನಿನ್ನನ್ನು ಸಿಕ್ಕಿಸಿದ್ದು ಸೊಪ್ಪು. ನಮ್ಮ ಕಡೆ ದಾರಿಯಲ್ಲಿ ಧರೆ ಜಾರಿದರೆ, ಗಾಡಿ ಕೆಟ್ಟು ನಿಂತರೆ ಹಸಿ ಟೊಂಗೆ ಕಡಿದು ರಸ್ತೆಗೆ ಹಾಕುತ್ತಾರೆ. ಅದನ್ನು ಕಂಡರೆ ಯಾವ ಡ್ರೈವರಾದರೂ ನಿಧಾನ ಮಾಡುತ್ತಾನೆ. ಪಕ್ಕದ ಮನೆ ಮೋಹಿತ್ ಹಿಂದಿನ ದಿನ, ಬುಧವಾರ ಸಂಜೆ, ಗುಂಡಿಯ ಹತ್ತಿರ ಸೊಪ್ಪು ಹಾಕಿದ್ದ. ಗಾಳಿಗೆ ಹಾರಬಾರದೆಂದು ನಾಲ್ಕು ಟೊಂಗೆ ಸೇರಿಸಿ ನೀಲಿ ನೈಲಾನ್ ಹಗ್ಗದಲ್ಲಿ ಕಟ್ಟಿದ್ದ. ಪೊಲೀಸರು ಕೇಳಿದಾಗ ‘ನಾನೇ ಹಾಕಿದ್ದೆ ಸರ್’ ಎಂದು ಇದ್ದದ್ದನ್ನೇ ಹೇಳಿದ. ಅವರು ಬರೆದುಕೊಂಡರು: ಎಚ್ಚರಿಕೆಯ ಗುರುತಿದ್ದರೂ ಲೆಕ್ಕಿಸದೆ ಬಂದಿದ್ದಾನೆ. ಅಪಘಾತದ ಜಾಗದಲ್ಲಿ ಸೊಪ್ಪು ಕಾಣದಿದ್ದುದಕ್ಕೂ ಅವರಿಗೆ ಕಾರಣ ಸಿಕ್ಕಿತು, ನಿನ್ನ ಕಾರೇ ಅದನ್ನು ಎಳೆದು ಗುಂಡಿಗೆ ಹಾಕಿರಬೇಕು ಎಂದು. ನೀನು ‘ಸೊಪ್ಪು ಇರಲಿಲ್ಲ’ ಅಂದದ್ದನ್ನು ಯಾರು ನಂಬುತ್ತಾರೆ?

ನೀನು ಹೋದ ಎರಡು ದಿನಕ್ಕೆ ಆ ಹೇಳಿಕೆಗಳ ನಕಲು ತಂದು ಮನೆಯ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದೆ. ನಮ್ಮತ್ತೆ ತುಂಗಮ್ಮ ಹಲಸಿನ ಬೀಜ ಸುಲಿಯುತ್ತಿದ್ದವರು ಕೈ ನಿಲ್ಲಿಸಿ, ‘ಯಾವ ಹಗ್ಗ ಅಂದೆ?’ ಎಂದರು. ನೀಲಿ ನೈಲಾನು ಎಂದೆ. ‘ಅದನ್ನ ನಾನೇ ತಂದ್ನಲ್ಲೇ. ಯಾರೋ ಹೊರೆ ಬೀಳಿಸ್ಕಂಡು ಹೋಗಿದಾರೆ ಅಂತ ಮಾಡಿದೆ’ ಎಂದರು. ಗುರುವಾರ ಬೆಳಿಗ್ಗೆ ಡೈರಿಗೆ ಹಾಲು ಕೊಟ್ಟು ಬರುವಾಗ, ಅಚ್ಚುಕಟ್ಟಾಗಿ ಕಟ್ಟಿದ ಹಸಿ ಸೊಪ್ಪು ರಸ್ತೆಯಲ್ಲಿ ಬಿದ್ದದ್ದು ಕಂಡು, ಮಳೆಯಲ್ಲಿ ಸೊಪ್ಪಿಗೆ ಗುಡ್ಡ ಹತ್ತುವುದು ತಪ್ಪಿತೆಂದು ತಲೆಯ ಮೇಲಿಟ್ಟುಕೊಂಡು ಬಂದು ಕೊಟ್ಟಿಗೆಗೆ ಹಾಸಿದ್ದಾರೆ. ಸಡಿಲ ಟೊಂಗೆಯಾಗಿದ್ದರೆ ಮುಟ್ಟುತ್ತಿರಲಿಲ್ಲವಂತೆ. ಹಗ್ಗ ಕಟ್ಟಿದ್ದೇ ಮೋಸವಾಯಿತು.

ನಿಜ ಹೇಳುತ್ತೇನೆ, ನಾನು ಅವರ ಮೇಲೆ ಹರಿಹಾಯ್ದೆ. ಮರುದಿನ ಅವರೇ ಸೀರೆ ಬದಲಿಸಿ, ‘ನಡಿ, ಎಲ್ಲಿ ಹೇಳ್ಬೇಕು ತೋರ್ಸು’ ಎಂದರು. ಎಪ್ಪತ್ತನಾಲ್ಕು ವರ್ಷಕ್ಕೆ ಮೊದಲ ಸಲ ಠಾಣೆ ಮೆಟ್ಟಿಲು ಹತ್ತಿದ್ದು. ಎಸ್‌ಐ ನಕ್ಕು, ‘ಏನಜ್ಜಿ, ಸೊಸೆ ಹೇಳಿಕೊಟ್ಟಿದ್ದಾ?’ ಎಂದರು. ಅತ್ತೆ, ‘ಇವಳು ಹೇಳಿದ್ದನ್ನ ನಾನು ಒಂದಿನ ಕೇಳಿದ್ದಿದ್ರೆ ನಮ್ಮನೇಲಿ ಜಗಳವೇ ಇರ್ತಿರ್ಲಿಲ್ಲ ಸಾಹೇಬ್ರೆ. ಬಂದು ಕರು ನೋಡಿ’ ಎಂದರು. ಕರುವನ್ನು ಆ ಹಗ್ಗದಲ್ಲೇ ಕಟ್ಟಿದ್ದರು. ಮೋಹಿತ್ ಬಂದು ತನ್ನ ಗಂಟು ಗುರುತಿಸಿದ. ಪೊಲೀಸರು ಹಗ್ಗ ಬಿಚ್ಚಿಕೊಂಡು ಹೋದ ದಿನ ಕರು ಮೋಹಿತನ ಬಸಳೆ ಚಪ್ಪರಕ್ಕೇ ನುಗ್ಗಿತು. ಅವನು ಅದನ್ನೂ ನಿನ್ನ ಕೇಸಿನ ಖಾತೆಗೆ ಹಾಕಿದ್ದಾನೆ.

ಆಮೇಲೆ ಎಲ್ಲ ಸಲೀಸಾಯಿತು. ಡೈರಿ ವ್ಯಾನಿನವನು ಏಳು ಗಂಟೆಗೆ ಅಲ್ಲಿ ಸೊಪ್ಪು ಇರಲಿಲ್ಲವೆಂದ. ಶಿಲ್ಪಶ್ರೀ ಟೀಚರ ಹೇಳಿಕೆಯನ್ನು ಮೊದಲ ವಾರ ನೋವಿನಲ್ಲಿ ಸರಿಯಾಗಿ ತೆಗೆದಿರಲಿಲ್ಲ. ಈಗ ಅವರು, ‘ಎಷ್ಟು ನಿಧಾನ ಹೋಗ್ತಿದ್ರು ಅಂದ್ರೆ, ಶೃಂಗೇರಿ ಮುಟ್ಟೋದ್ರೊಳಗೆ ದೀಪ ಹಚ್ಚಿರ್ತಾರೆ ಅಂತ ನಾನೇ ರೇಗಿದ್ದೆ’ ಎಂದು ಬರೆಸಿದರು. ಅವರ ಕೈ ಕುತ್ತಿಗೆಗೆ ಕಟ್ಟಿದ್ದ ಜೋಳಿಗೆಯಿಂದ ಬಿಡುಗಡೆಯಾಗಿದೆ, ಮತ್ತೆ ಬೋರ್ಡಿನ ಮೇಲೆ ಬರೆಯುತ್ತಿದ್ದಾರೆ. ನಿನ್ನನ್ನು ಕೇಳಿದರು. ನಿನ್ನ ಬಗ್ಗೆ ಅವರಿಗೆ ಸಿಟ್ಟಿಲ್ಲ. ಇದೊಂದು ಸಾಲನ್ನು ಎರಡು ಸಲ ಓದು.

ಅತ್ತೆಗೆ ನಿನ್ನ ಮುಖ ನೋಡಲು ಅಂಜಿಕೆ. ಬಂದವನೇ ಮೊದಲು ಅವರ ಹತ್ತಿರ ಹೋಗಿ ಒಂದು ಲೋಟ ಕಾಫಿ ಕೇಳು, ಸಾಕು. ಮಾವನಿಗೂ ಮನೆಯವರಿಗೂ ನನ್ನ ನಮಸ್ಕಾರ. ನಿನಗೆ ನೂರು ಕಾಲ ಗಟ್ಟಿ ಸೊಂಟ, ಗಟ್ಟಿ ಮನಸ್ಸು ಇರಲಿ.

ನಿನ್ನ ಅಕ್ಕ,
ಕುಸುಮಾ

ಮರೆತ ಮಾತು: ಕವರಿಗೆ ಅಂಟು ಹಚ್ಚುವ ಹೊತ್ತಿಗೆ ಮೋಹಿತ್ ಬಂದ. ಹಳೆಯ ಗುಂಡಿಗೆ ಮಣ್ಣು ಸುರಿದಿದ್ದಾರೆ, ಮುಂದಿನ ತಿರುವಿನಲ್ಲಿ ಎರಡನೆಯದನ್ನು ಅಗೆದಿದ್ದಾರೆ. ಇವತ್ತೂ ಬೋರ್ಡಿಲ್ಲ. ಮೊನ್ನೆ ಶಾಲೆ ಮಕ್ಕಳ ಆಟೊ ಒಂದು ಗೇಣಿನಲ್ಲಿ ಉಳಿಯಿತಂತೆ. ಅಕ್ಟೋಬರ್ 8, ಬುಧವಾರ ಗ್ರಾಮಸಭೆ. ಅರ್ಜಿ ಟೈಪ್ ಮಾಡಿಟ್ಟಿದ್ದೇನೆ. ಪೆಟ್ಟು ತಿಂದವನು ನೀನು, ಸಹಿ ನಿನ್ನದೇ ಬೇಕು, ಸಭೆಯಲ್ಲಿ ನಿಂತು ಓದುವವನೂ ನೀನೇ ಆಗಬೇಕು. ಹಿಂದಿನ ದಿನವೇ ಬಾ. ಅದರಲ್ಲಿ ಕೇಳಿದ್ದು ಇಷ್ಟೇ: ಅಗೆಯಲು ಹೇಳಿದವರು ಯಾರು, ಬೋರ್ಡು ಹಾಕಬೇಕಾದವರು ಯಾರು, ಏಕೆ ಹಾಕಲಿಲ್ಲ? ಉತ್ತರ ನಮ್ಮ ಮನೆಗೆ ಲಕೋಟೆಯಲ್ಲಿ ಬರುವುದು ಬೇಡ. ಸಂಬಂಧಪಟ್ಟ ಅಧಿಕಾರಿ ಸಭೆಗೆ ಬರಲಿ, ಹೆಸರು ಹೇಳಲಿ, ಊರಿನವರೆಲ್ಲರ ಎದುರು ಉತ್ತರ ಕೊಡಲಿ.