ಕಂದು ಕಾಲುಚೀಲದ ಬಾಟಲಿ

ಏಪ್ರಿಲ್ ಹದಿನಾಲ್ಕು
ಭಾನುವಾರ ಬೆಳಿಗ್ಗೆ

ಪ್ರೀತಿಯ ನೊರೆಗೆ,

ನಿನ್ನ ಗೋಂದು ಮಾಡುವ ನಮಸ್ಕಾರ. ಅಡ್ಡಹೆಸರು ಹಿಡಿದು ಕರೆಯುವ ವಯಸ್ಸು ನಮ್ಮಿಬ್ಬರಿಗೂ ದಾಟಿ ಬಹಳ ಕಾಲವಾಯಿತು. ಆದರೂ ಬೇರೆ ಹೆಸರು ಬರೆದರೆ ಯಾರೋ ಗಿರಾಕಿಗೆ ಬರೆದಂತೆ ಅನ್ನಿಸುತ್ತದೆ. ನಿನ್ನ ಕಾಗದ ಬಂದು ಎರಡು ತಿಂಗಳು ಕಳೆಯಿತು. ಅದರ ಹಿಂದೆಯೇ ಆರು ಬಾಟಲಿಗಳ ಪೆಟ್ಟಿಗೆಯೂ ಬಂತು. ತಡವಾಗಿ ಉತ್ತರಿಸುತ್ತಿರುವುದಕ್ಕೆ ಮನ್ನಿಸು. ಕೆಲಸ ಹೆಚ್ಚಿತ್ತು ಎಂದು ಬರೆಯಬಹುದಿತ್ತು, ಆದರೆ ಅದು ಸುಳ್ಳು. ಶಾಲೆಯವರ ಹಾಜರಿ ಪುಸ್ತಕಗಳನ್ನು ಹೊಲಿದು ಕೊಟ್ಟು ಹದಿನೈದು ದಿನವಾಯಿತು. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹಾಳೆ ಹರಿದೆ. ಇದು ನಾಲ್ಕನೆಯದು.

ನಾನು ಚೆನ್ನಾಗಿದ್ದೇನೆ. ರಟ್ಟು ಕತ್ತರಿಸುವಾಗ ಬಲಗೈ ಹೆಬ್ಬೆರಳು ಸ್ವಲ್ಪ ಹಟ ಮಾಡುತ್ತದೆ, ಅಷ್ಟೆ. ನನ್ನವಳು ಹೋಗಿ ಮೊನ್ನೆಗೆ ಎಂಟು ತಿಂಗಳಾಯಿತು. ಉಪ್ಪಿನ ಡಬ್ಬಿಯಲ್ಲಿ ಇನ್ನೂ ಅವಳು ತುಂಬಿಟ್ಟ ಉಪ್ಪೇ ಇದೆ. ಒಬ್ಬನ ಅಡುಗೆಗೆ ಎಷ್ಟು ಬೇಕು? ಮುಗಿದೀತು ಎಂದು ನಾನೂ ಕಡಿಮೆ ಹಾಕುತ್ತೇನೆ. ಊಟ ಸಪ್ಪೆಯಾಗಿರುತ್ತದೆ. ಅಭ್ಯಾಸವಾಗಿದೆ.

ನೀನು ಬೇಕರಿ ಮುಚ್ಚಿ, ಬಿಯರ್ ತಯಾರಿಸಲು ಬೇರೆ ಊರಿಗೆ ಹೋದ ಮೇಲೂ ಭಾನುವಾರದ ಬಿಯರ್ ಕೂಟ ನಿಂತಿಲ್ಲ. ಅದೇ ನಾಲ್ಕು ಗಂಟೆ, ನನ್ನ ಬೈಂಡಿಂಗ್ ಅಂಗಡಿಯ ಹಿಂದಿನ ಅದೇ ಕೋಣೆ, ಅಡುಗೆಮನೆಗೂ ನಮಗೂ ನಡುವೆ ಅದೇ ಹಳೆಯ ಪರದೆ. ನೀನು ಮಾಡಿದ ನಿಯಮಗಳನ್ನೂ ಮುರಿದಿಲ್ಲ. ಯಾರ ಬಾಟಲಿಯೂ ಬರಿಮೈಯಲ್ಲಿ ಬರುವಂತಿಲ್ಲ. ಲೇಬಲ್ ಕಾಣದಂತೆ ಕಾಲುಚೀಲ ತೊಡಿಸಿ ತರಬೇಕು. ಎಲ್ಲರೂ ಬರೆದು ಅಂಕ ಕೊಡುವ ತನಕ ಯಾರೂ ಬಾಯಿ ಬಿಡಬಾರದು. ಅತಿ ಕಡಿಮೆ ಅಂಕ ಕೊಟ್ಟವನು ತಾನು ಬರೆದದ್ದನ್ನು ಗಟ್ಟಿಯಾಗಿ ಓದಬೇಕು. ಆಮೇಲಷ್ಟೇ ಕಾಲುಚೀಲ ಬಿಚ್ಚುವುದು. ನಾನೇ ಹೊಲಿದ ಆ ಕೂಟದ ಪುಸ್ತಕ ಈಗ ಐದನೆಯದಕ್ಕೆ ಬಂದಿದೆ.

ಜಗಳವೂ ಹಳೆಯದೇ. ಡ್ರಾಯಿಂಗ್ ಮೇಷ್ಟ್ರು ತಮ್ಮ ಕಹಿ ಐಪಿಎ ಬಿಟ್ಟು ಕದಲುವುದಿಲ್ಲ. ಹೋದ ತಿಂಗಳು, "ಕಹಿ ಬಂದು ನಾಲಿಗೆ ಮೇಲೆ ಕೂತ್ಕೋಬೇಕು, ಹತ್ತು ನಿಮಿಷ ಏಳು ಅಂದ್ರೂ ಏಳಬಾರದು. ಅದು ಬಿಯರ್" ಎಂದರು.

"ಹಾಗಾದ್ರೆ ನಮ್ಮ ಆಸ್ಪತ್ರೆಗೆ ಬನ್ನಿ ಮೇಷ್ಟ್ರೇ," ಎಂದಳು ನರ್ಸಕ್ಕ. "ಅದಕ್ಕಿಂತ ಕಹಿಯಾದದ್ದು ಪುಕ್ಕಟೆ ಕೊಡ್ತೀವಿ. ಚಮಚದಲ್ಲಿ."

ಅವಳದು ಗೋಧಿ ಬಿಯರ್. ಬಾಳೆಹಣ್ಣಿನ ಪರಿಮಳ ಬರಬೇಕು, ಹಿಂದಿನಿಂದ ಲವಂಗ ಇಣುಕಬೇಕು, ಗ್ಲಾಸು ಮಬ್ಬಾಗಿರಬೇಕು. ಮೇಷ್ಟ್ರು ಅದನ್ನು ಹಲ್ಲು ಬರುವ ಮಕ್ಕಳಿಗೆ ಕೊಡುವ ನೀರು ಎನ್ನುತ್ತಾರೆ. ನನ್ನ ಕಪ್ಪು ಸ್ಟೌಟ್ ಬಗ್ಗೆ ಮಾತ್ರ ಇಬ್ಬರೂ ಒಂದಾಗುತ್ತಾರೆ. "ಇವರಿಗೇನು, ಕಪ್ಪಗಿದ್ರೆ ಸಾಕು. ಶಾಯಿ ಬಗ್ಗಿಸಿ ಕೊಟ್ರೂ ಹುರಿದ ಬಾರ್ಲಿ ಚೆನ್ನಾಗಿದೆ ಅಂತಾರೆ." ಹುಳಿ ಬಿಯರ್ ತರುವವರು ಯಾರೂ ಇಲ್ಲ. ನಾನು ಮುಖ ಕಿವುಚಿದಾಗಲೆಲ್ಲ "ಗೋಂದು ನೆಕ್ಕಿ ಬೆಳೆದವನಿಗೆ ಹುಳಿ ಏನು ಗೊತ್ತು" ಎನ್ನುತ್ತಿದ್ದೆಯಲ್ಲ, ಆ ಮಾತು ಹೇಳುವವರೂ ಇಲ್ಲ.

ನಿನ್ನ ಕುರ್ಚಿ ಖಾಲಿ ಇದೆ. ಕುರ್ಚಿಗಿಂತ ಹೆಚ್ಚಾಗಿ ಮೇಜಿನ ಕೆಳಗೆ ಖಾಲಿ ಅನ್ನಿಸುತ್ತದೆ. ನಾನು ಆಡಬಾರದ ಮಾತು ಆಡಲು ಬಾಯಿ ತೆರೆದಾಗಲೆಲ್ಲ ನೀನು ಮೇಜಿನ ಕೆಳಗಿನಿಂದ ನನ್ನ ಕಾಲು ತುಳಿಯುತ್ತಿದ್ದೆ. ಶಾಲೆಯ ಬೆಂಚಿನಿಂದ ಬಂದ ಅಭ್ಯಾಸ. ಮೊದಲ ಸಲ ಅವಳ ಮನೆಗೆ ಹೋದ ದಿನ ನೆನಪಿದೆಯೇ? ಅವಳ ಅಪ್ಪ ತಾವೇ ಹೊಲಿದ ಒಂದು ಪುಸ್ತಕ ತಂದು ತೋರಿಸಿದರು. ಬೆನ್ನು ಸೊಟ್ಟಗಿತ್ತು. ನಾನು "ಇದನ್ನ ಬಿಚ್ಚಿ..." ಎನ್ನುವಷ್ಟರಲ್ಲಿ ನಿನ್ನ ಬೂಟು ನನ್ನ ಕಾಲಿನ ಮೇಲಿತ್ತು. "ಬಿಚ್ಚಿ ಓದೋಣ ಅನ್ಸುತ್ತೆ" ಎಂದು ಮಾತು ಮುಗಿಸಿದೆ. ನಿನ್ನ ಆ ತುಳಿತವಿಲ್ಲದಿದ್ದರೆ ನನಗೆ ಮದುವೆಯೇ ಆಗುತ್ತಿರಲಿಲ್ಲ ಎಂದು ಅವಳು ಎಷ್ಟು ಸಲ ನಕ್ಕಿದ್ದಾಳೆ.

ಈಗ ವಿಷಯಕ್ಕೆ ಬರುತ್ತೇನೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯಲು ನನಗೆ ಬರುವುದಿಲ್ಲ.

ನಿನ್ನ ಪೆಟ್ಟಿಗೆಯನ್ನು ನಾನು ತೆರೆದಿರಲಿಲ್ಲ. ಕುಡಿದರೆ ನೀನಿಲ್ಲದೆ ಕುಡಿದಂತಾಗುತ್ತದೆ, ನೀನು ಬಂದಾಗ ನೋಡೋಣ ಎಂದು ಮೇಜಿನ ಕೆಳಗೆ ಇಟ್ಟಿದ್ದೆ. ಕಾಗದದಲ್ಲಿ ನೀನು ಬರೆದಿದ್ದೆ, "ನನ್ನ ಕಪ್ಪು ಬಿಯರಿಗೆ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು. ನಿನ್ನ ನಾಲಿಗೆ ಏನು ಹೇಳುತ್ತದೆ, ಮುಚ್ಚುಮರೆಯಿಲ್ಲದೆ ಬರಿ" ಎಂದು. ಆರು ವಾರಗಳ ಹಿಂದೆ ಮೇಷ್ಟ್ರು ಹೊಸದೊಂದು ಬಾಟಲಿ ತಂದರು. ನಿನ್ನ ಬಿಯರ್ ನಮ್ಮ ಊರಿನ ಅಂಗಡಿಗೂ ಬಂದಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಗ್ಲಾಸಿಗೆ ಬಗ್ಗಿಸಿದರು. ಕಡುಕಪ್ಪು, ಕಂದು ನೊರೆ. ಮೂಗಿನ ಹತ್ತಿರ ತಂದೆ.

ಕೋಣೆ ನನ್ನ ಅಡುಗೆಮನೆಯಾಯಿತು. ಮೂರು ವರ್ಷದ ಹಿಂದೆ ಅವಳು ಕಬ್ಬಿಣದ ಬಾಣಲೆಯಲ್ಲಿ ಬಾರ್ಲಿ ಹುರಿಯುತ್ತಿದ್ದಳು. ಕಿಟಕಿಯಲ್ಲಿ ಕಿತ್ತಳೆ ಸಿಪ್ಪೆ ಒಣಗಿಸಿದ್ದಳು. "ಏನು ಸುಡ್ತಿದೀಯ?" ಎಂದು ನಾನು ರಟ್ಟಿನಿಂದ ತಲೆಯೆತ್ತದೆ ಕೇಳಿದ್ದೆ. "ನೀವು ಭಾನುವಾರ ಅಷ್ಟು ಹಾರಾಡ್ತೀರಲ್ಲ, ನಾನೂ ಒಂದು ಮಾಡಿ ನೋಡ್ತೀನಿ. ಆದಾಗ ಕೊಡ್ತೀನಿ, ಈಗ ಕೇಳಬೇಡಿ" ಎಂದಿದ್ದಳು. ಆದರೆ ಅದು ನನ್ನ ಬಾಯಿಗೆ ಬರಲೇ ಇಲ್ಲ. ಒಂದು ದಿನ ದೊಡ್ಡ ಪಾತ್ರೆಯನ್ನು ತೊಳೆದು ಅಟ್ಟಕ್ಕೆ ಹಾಕುತ್ತ, "ಕೆಟ್ಟುಹೋಯ್ತು. ಚೆಲ್ಲಿಬಿಟ್ಟೆ" ಎಂದಳು. "ಹೋಗಲಿ ಬಿಡು" ಎಂದೆ. ಮತ್ತೆಂದೂ ಮಾಡಲಿಲ್ಲ. ನಾನೂ ಕೇಳಲಿಲ್ಲ.

ಗುಟುಕು ನುಂಗಿದೆ. ಹುರಿದ ಬಾರ್ಲಿ, ಕಿತ್ತಳೆ, ಎಲ್ಲ ಮುಗಿಯಿತು ಎನ್ನುವಾಗ ನಾಲಿಗೆಯ ತುದಿಯಲ್ಲಿ ಒಂದು ಚಿಟಿಕೆ ಉಪ್ಪು. ಸಿಹಿಗೂ ಚಿಟಿಕೆ ಉಪ್ಪು ಹಾಕುವವಳು ಅವಳು. "ಉಪ್ಪಿಲ್ಲದೆ ಸಿಹಿಗೆ ತಾನು ಸಿಹಿ ಅಂತ ಹೇಗೆ ಗೊತ್ತಾಗಬೇಕು" ಎನ್ನುತ್ತಿದ್ದಳು. ಪುಸ್ತಕದಲ್ಲಿ ಆ ದಿನ ನನ್ನ ಹೆಸರಿನ ಮುಂದೆ ಏನೂ ಇಲ್ಲ.

ಮೇಷ್ಟ್ರು ಕಾಲುಚೀಲ ಬಿಚ್ಚಿದರು. ನಿನ್ನ ಬೇಕರಿಯ ಹಳೆಯ ಒಲೆಯ ಚಿತ್ರ. ಕೆಳಗೆ, "ಅಜ್ಜನ ಕಪ್ಪು. ನಮ್ಮ ಮನೆತನದ ಹಳೆಯ ಪಾಕ." ನೊರೆ, ನಿನ್ನ ಅಜ್ಜನನ್ನು ನಾನು ನೋಡಿದ್ದೇನೆ. ಬಿಯರ್ ಹಾಗಿರಲಿ, ಸೋಡಾ ಕುಡಿದರೂ ತಲೆ ತಿರುಗುತ್ತದೆ ಎನ್ನುತ್ತಿದ್ದ ಮನುಷ್ಯ ಅವರು.

"ಇದು ನನ್ನವಳದು" ಎಂದೆ. ಮೇಷ್ಟ್ರು ನಕ್ಕರು. "ಯಾಕ್ರೀ, ಒಂದೇ ಗ್ಲಾಸಿಗೆ ಏರಿತಾ?" ನರ್ಸಕ್ಕ ಮಾತ್ರ ನಗಲಿಲ್ಲ. ಗ್ಲಾಸನ್ನು ಮೇಜಿನ ಮೇಲಿಟ್ಟು ಸೆರಗಿನಿಂದ ಕೈ ಒರೆಸಿಕೊಂಡಳು.

"ಅಣ್ಣಾ, ನಾನು ಹೇಳಬಾರದು ಅಂತಿದ್ದೆ. ಲೇಬಲ್ ನೋಡಿದ ಮೇಲೆ ಸುಮ್ಮನಿರಕ್ಕಾಗ್ತಿಲ್ಲ."

"ಹೇಳು."

"ಅತ್ತಿಗೆ ನಮ್ಮ ವಾರ್ಡಲ್ಲಿದ್ದಾಗ ನೀವು ಔಷಧಿ ತರಕ್ಕೆ ಕೆಳಗೆ ಹೋಗಿದ್ರಿ. ಬೇಕರಿ ಅಣ್ಣ ನೋಡಕ್ಕೆ ಬಂದಿದ್ದರು. ಅತ್ತಿಗೆ ನನ್ನ ಹತ್ರ ಪೆನ್ನು ಇಸ್ಕೊಂಡು ಎದ್ದು ಕೂತು ಒಂದು ಹಾಳೆ ತುಂಬ ಬರೆದ್ರು. ಅಳತೆ, ಎಷ್ಟು ಹುರೀಬೇಕು, ಎಲ್ಲ. ಬೇಕರಿ ಅಣ್ಣನ ಕೈಗೆ ಕೊಟ್ಟು, ‘ನೀವು ಮಾಡಿ. ಇವರಿಗೆ ಹೇಳಬೇಡಿ’ ಅಂದ್ರು."

"ನನಗೆ ಯಾಕೆ ಹೇಳಬಾರದು?"

"ಅದು ನನಗೂ ಗೊತ್ತಿಲ್ಲಣ್ಣ. ಕೇಳಿದ್ರೆ ನಕ್ಕುಬಿಟ್ರು."

ಅಂದಿನಿಂದ ಇಂದಿನ ತನಕ ಇದನ್ನೇ ಮಗುಚಿ ಹಾಕುತ್ತಿದ್ದೇನೆ. ನೀನು ಕದ್ದಿಲ್ಲ, ಒಪ್ಪಿದೆ. ಅವಳೇ ಕೊಟ್ಟಳು. ಆದರೆ ಅವಳು ಹೋದ ದಿನ ನೀನು ನನ್ನ ಪಕ್ಕದಲ್ಲೇ ಕೂತಿದ್ದೆ. ಹನ್ನೊಂದು ದಿನ ನಿನ್ನ ಮನೆಯ ಬುತ್ತಿ ತಂದು ಉಣ್ಣಿಸಿದೆ. ಅವಳ ಕೈಬರಹದ್ದು ಮನೆಯಲ್ಲಿ ಒಂದು ಚೀಟಿಯೂ ಇಲ್ಲವಲ್ಲ ಎಂದು ನಾನು ನಿನ್ನ ಮುಂದೆಯೇ ಅತ್ತೆ. ಆಗ ಆ ಹಾಳೆ ನಿನ್ನ ಜೇಬಿನಲ್ಲಿತ್ತೋ, ಮನೆಯಲ್ಲಿತ್ತೋ? ಹೇಳಬೇಡ ಎಂದು ಅವಳು ಹೇಳಿದ್ದಳು, ಸರಿ, ಮಾತು ಉಳಿಸಿಕೊಂಡೆ. ಅಜ್ಜನ ಪಾಕ ಎಂದು ಅಚ್ಚು ಹಾಕಿಸಲು ಕೂಡ ಅವಳೇ ಹೇಳಿದ್ದಳೇ? ಅದನ್ನೇ ನನಗೆ ಕಳಿಸಿ ನನ್ನ ನಾಲಿಗೆ ಏನು ಹೇಳುತ್ತದೆ ಎಂದು ಕೇಳಲು ನಿನಗೆ ಮನಸ್ಸಾದರೂ ಹೇಗೆ ಬಂತು? ನಲವತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು. ಬೆನ್ನಿಗೆ ಇರಿದವನು ಅಪರಿಚಿತನಾಗಿದ್ದರೆ ತಿರುಗಿ ನೋಡಬಹುದಿತ್ತು. ನಿನ್ನ ವಿಷಯದಲ್ಲಿ ತಿರುಗಿ ನೋಡಲೂ ನಾಚಿಕೆಯಾಗುತ್ತದೆ.

ಲೇಬಲ್ ಬದಲಿಸು ಎಂದು ಕೇಳುವುದಿಲ್ಲ. ಬಹುಮಾನ ನಿನ್ನ ಹತ್ತಿರವೇ ಇರಲಿ. ಆ ಹಾಳೆಯನ್ನು ಮಾತ್ರ ಕಳಿಸಿಕೊಡು. ಪಾಕ ನನಗೆ ಬೇಡ, ಅವಳ ಅಕ್ಷರ ಬೇಕು. ‘ಕ’ ಬರೆದರೆ ಬಾಲ ಕೆಳಗಿನ ಗೆರೆಗೆ ಇಳಿಯುತ್ತಿತ್ತು, ನೋಡಿದ್ದೀಯಲ್ಲ. ಅವಳು ಬಾರ್ಲಿ ಹುರಿದ ತಿಂಗಳು ಯಾವುದೆಂದು ಹುಡುಕಿ, ಕೂಟದ ಪುಸ್ತಕದಲ್ಲಿ ಆ ಪುಟದ ಪಕ್ಕಕ್ಕೆ ಅದನ್ನು ಹೊಲಿಯಬೇಕೆಂದಿದ್ದೇನೆ. ನನಗೆ ಬರುವ ಕೆಲಸ ಅದೊಂದೇ.

ನಿನ್ನ ಮನೆಯವರಿಗೆ ನನ್ನ ನೆನಪು ತಿಳಿಸು. ನಿನ್ನ ಮಗಳಿಗೆ ಹೆರಿಗೆ ಹತ್ತಿರ ಬಂದಿದೆ ಎಂದು ಬರೆದಿದ್ದೆ. ತಾಯಿ ಮಗು ಎರಡೂ ಸುಖವಾಗಿರಲಿ. ನಿನ್ನ ಮೇಲಿನ ಸಿಟ್ಟು ಆ ಮಗುವಿನ ತನಕ ಬರುವುದಿಲ್ಲ. ನೂರು ಕಾಲ ಬಾಳಲಿ ಎಂದು ಅದರ ತಲೆ ಮುಟ್ಟಿ ನನ್ನ ಪರವಾಗಿ ಹೇಳು.

ಇಂತಿ,
ಗೋಂದು

ಮರೆತಿದ್ದು:

ಸೋಮವಾರ ಬೆಳಿಗ್ಗೆ. ಕಾಗದವನ್ನು ಇನ್ನೂ ಅಂಚೆಗೆ ಹಾಕಿಲ್ಲ. ನಿನ್ನೆ ಇದನ್ನು ಮುಗಿಸಿದ ಮೇಲೆ ಹಾಳೆಗೆ ಜಾಗ ಗುರುತು ಮಾಡೋಣವೆಂದು ಕೂಟದ ಮೂರನೆಯ ಪುಸ್ತಕ ತೆಗೆದೆ. ಪಕ್ಕದಲ್ಲಿ ನನ್ನ ದಿನಚರಿ ಇಟ್ಟುಕೊಂಡೆ. ದಿನಚರಿಯಲ್ಲಿ ಒಂದು ಮಂಗಳವಾರ, "ಅವಳ ಬಾರ್ಲಿ ಕೆಟ್ಟಿತಂತೆ. ಪಾತ್ರೆ ಅಟ್ಟಕ್ಕೆ" ಎಂದಿದೆ. ಅದರ ಹಿಂದಿನ ಭಾನುವಾರ ಕೂಟದ ಪುಸ್ತಕದಲ್ಲಿ ನಾಲ್ಕು ಬಾಟಲಿಗಳಿವೆ. ನಿನ್ನದನ್ನು ನಾನು ಹೀಗೆ ಬರೆದುಕೊಂಡಿದ್ದೇನೆ: "ಕಂದು ಕಾಲುಚೀಲ, ಹಿಮ್ಮಡಿಯಲ್ಲಿ ಹಸಿರು ದಾರದ ತೇಪೆ." ಯಾವಾಗಲೂ ಕರಿ ಕಾಲುಚೀಲದಲ್ಲೇ ತರುತ್ತಿದ್ದವನು ನೀನು. ಹಸಿರು ದಾರ ಪುಸ್ತಕ ಹೊಲಿಯುವ ದಾರ. ಅದರಲ್ಲಿ ಕಾಲುಚೀಲಕ್ಕೆ ತೇಪೆ ಹಾಕುವ ಮನೆ ಊರಿನಲ್ಲಿ ಒಂದೇ. ಅದು ನನ್ನ ಕಾಲುಚೀಲ, ನೊರೆ. ನನ್ನ ಕೈಯಾರೆ ಬರೆದೂ ನನಗೆ ಗುರುತು ಸಿಗಲಿಲ್ಲ.

ಬಾಟಲಿಯನ್ನು ನಿನ್ನ ಕೈಯಲ್ಲಿ ಯಾಕೆ ಕಳಿಸಿದಳು ಎಂಬುದು ನನಗೀಗ ತಿಳಿಯುತ್ತದೆ. ತನ್ನದು ಎಂದು ಗೊತ್ತಾದರೆ ನಾನು ಹೆಂಡತಿಯದೆಂದು ಒಳ್ಳೆಯ ಮಾತು ಬರೆದೇನು, ಆ ದಯೆ ಅವಳಿಗೆ ಬೇಡವಾಗಿತ್ತು. ನಾನು ಬರೆದದ್ದು ಇದು: "ಸುಟ್ಟ ವಾಸನೆ. ಕೊನೆಗೆ ಉಪ್ಪು. ಮಾಡಿದವರಿಗೆ ಬಿಯರಿಗೂ ಸಾರಿಗೂ ವ್ಯತ್ಯಾಸ ಗೊತ್ತಿಲ್ಲ. ಮೋರಿಗೆ ಸುರಿಯಿರಿ. ಹತ್ತಕ್ಕೆ ಎರಡು." ನೀನು ಕೊಟ್ಟದ್ದು ಒಂಬತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಾನು ಮದ್ದೆಂದು ತಿಳಿಯದಿದ್ದುದಷ್ಟೇ ಅಲ್ಲ, ಗಿಡವನ್ನೇ ಕಿತ್ತೆ. ಒಂಬತ್ತು ಕೊಟ್ಟವನಿಗೆ ಅವಳು ಹಾಳೆ ಕೊಟ್ಟಳು. ಅದು ನ್ಯಾಯವೇ. ನಾನು ಕೇಳಿದ್ದನ್ನು ಮರೆತುಬಿಡು, ಹಾಳೆ ನಿನ್ನಲ್ಲೇ ಇರಲಿ.

ಅತಿ ಕಡಿಮೆ ಅಂಕ ನನ್ನದು. ನಿಯಮದಂತೆ ಎದ್ದು ನಿಂತು ಗಟ್ಟಿಯಾಗಿ ಓದಿದೆ. ಮೇಷ್ಟ್ರು ನಕ್ಕರು, ನರ್ಸಕ್ಕ ನಕ್ಕಳು, ನೀನೂ ನಕ್ಕೆ. ಕಾಲುಚೀಲ ಬಿಚ್ಚಿದಾಗ ಲೇಬಲ್ ಇರಲಿಲ್ಲ. "ಯಾರೋ ಮನೇಲಿ ಮಾಡಿದ್ದು ಬಿಡ್ರೋ" ಎಂದೆ ನೀನು. ಪ್ರತಿ ಭಾನುವಾರ ಗ್ಲಾಸು ಒಯ್ಯಲು ಬಂದಾಗ ಅವಳು "ಇವತ್ತು ಯಾರದು ಗೆದ್ದಿತು?" ಎಂದು ಕೇಳುತ್ತಿದ್ದಳು. ಆ ದಿನ ಕೇಳಲಿಲ್ಲ. ಪರದೆಯ ಆಚೆ ನಲ್ಲಿಯ ನೀರು ಮಾತ್ರ ಬಹಳ ಹೊತ್ತು ಸುರಿಯುತ್ತಿತ್ತು.

ಲೇಬಲಿನ ಸುಳ್ಳನ್ನು ಕ್ಷಮಿಸಿದ್ದೇನೆ. ಒಂದನ್ನು ಮಾತ್ರ ಕೇಳುತ್ತೇನೆ, ಉತ್ತರ ಬರೆಯದಿದ್ದರೂ ಸರಿ. ನಾನು ಪುಸ್ತಕ ಹಿಡಿದು ಬಾಯಿ ತೆರೆದಾಗ ನೀನು ನನ್ನ ಎದುರಿಗೇ ಕೂತಿದ್ದೆ. ಬಾಟಲಿ ಯಾರದೆಂದು ನಿನಗೆ ಗೊತ್ತಿತ್ತು, ಪರದೆಯ ಹಿಂದೆ ಯಾರಿದ್ದಾರೆಂದೂ ಗೊತ್ತಿತ್ತು. ಎಷ್ಟೋ ಸಲ ತುಳಿದ ನನ್ನ ಕಾಲನ್ನು ಆ ದಿನ ಯಾಕೆ ತುಳಿಯಲಿಲ್ಲ?