ರೆಕಾರ್ಡಿನ ಮೇಲೆ ಇಲ್ಲದ ಹೆಸರು

ಯೊಕೊಹಾಮಾ, ೧೪ ನವೆಂಬರ್ ೧೯೬೩, ಗುರುವಾರ

ನಮ್ಮ ಜಾಝ್ ತಂಡದ ಮೊದಲ ರೆಕಾರ್ಡು ಇಂದು ಕೈಗೆ ಬಂತು. ಹನ್ನೊಂದು ವರ್ಷದಿಂದ ಸ್ಯಾಕ್ಸೊಫೋನ್ ಊದುತ್ತಿರುವವಳು ನಾನು. ಹೊದಿಕೆಯ ಮೇಲೆ ನನ್ನ ಜಾಗದಲ್ಲಿ ತಂಡದ ಯಜಮಾನ ಕುರಾಮೊಚಿಯ ತಮ್ಮನ ಹೆಸರಿದೆ. ಅವನು ಬಾರಿಸುವುದು ಡ್ರಮ್ಮು.

"ಹೆಂಗಸು ಊದಿದ್ದು ಅಂದ್ರೆ ಯಾರು ತಗೋತಾರೆ, ಚಿಯೋ? ಬೇಜಾರು ಮಾಡ್ಕೋಬೇಡ," ಎಂದ ಕುರಾಮೊಚಿ, ನೂಡಲ್ಸ್ ಹೀರುತ್ತಲೇ.

"ಹಾಗಾದ್ರೆ ನಾಳೆ ರೇಡಿಯೋ ಕಾರ್ಯಕ್ರಮದಲ್ಲೂ ನಿಮ್ಮ ತಮ್ಮನೇ ಊದ್ಲಿ," ಎಂದು ವಾದ್ಯ ಎತ್ತಿಕೊಂಡು ಬಂದುಬಿಟ್ಟೆ.

ಸಂಜೆ ಕುರಾಮೊಚಿಯ ತಮ್ಮನೇ ಬಂದು ಬಾಗಿಲು ಬಡಿದ. "ಅಕ್ಕ, ನಂಗೆ ಊದೋಕೆ ಬರಲ್ಲ. ನಾಳೆ ಒಂದಿನ ಬಾ ಅಕ್ಕ," ಎಂದು ಗೋಗರೆದ. ಪಾಪ ಎನಿಸಿತು. ಆದರೂ ಬಾಗಿಲು ತೆರೆಯಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ, ಇಳಿದರೆ ಮತ್ತೆ ಹೋಗಿ ಊದಿಬಿಡುತ್ತೇನೆ.